ಗೋಡೆಯ ಚಿತ್ರ ಸರಿಯಾಗಿದೆ

ಅಕ್ಟೋಬರ್ 6, ಸೋಮವಾರ

ಶಾಲೆಯ ಹಾಲ್‌ನಲ್ಲಿ ಮಲಗಲು ಶುರುಮಾಡಿ ವಾರವಾಯಿತು. ಎಲ್ಲರನ್ನೂ ಇಲ್ಲಿಗೆ ಎಬ್ಬಿಸಿಕೊಂಡು ಬಂದವಳು ನಾನೇ. ಹಾಗಾಗಿ ನೆಲ ತಣ್ಣಗಿದೆ, ಬೆನ್ನು ಹಿಡಿದಿದೆ ಎಂದು ಗೊಣಗುವ ಹಕ್ಕು ಎಲ್ಲರಿಗೂ ಇದೆ, ನನ್ನೊಬ್ಬಳನ್ನು ಬಿಟ್ಟು.

ನಮ್ಮ ಕಾಲೋನಿಯ ಹಿಂದೆ ರಾಶಿ ಇದೆ. ಗಣಿಯಿಂದ ತೆಗೆದ ಬೇಡದ ಕಲ್ಲು, ಮಣ್ಣು, ಕೆಸರನ್ನೆಲ್ಲ ವರ್ಷಗಟ್ಟಲೆ ತಂದು ಸುರಿದು ಗುಡ್ಡವಾದದ್ದನ್ನು ನಾವು ಹಾಗೆ ಕರೆಯುತ್ತೇವೆ. ಅದು ಜಾರದಿರಲಿ ಎಂದು ಬುಡದಲ್ಲಿ ಕಂಪನಿ ಒಂದು ತಡೆಗೋಡೆ ಕಟ್ಟಿತ್ತು. ಗಣಿ ಮುಚ್ಚಿತು, ಕಂಪನಿ ಹೋಯಿತು, ಗೋಡೆ ಉಳಿಯಿತು, ಗೋಡೆಯ ಕೆಳಗೆ ನಾವು ಉಳಿದೆವು. ಹೋದ ತಿಂಗಳ ಕೊನೆಯಲ್ಲಿ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದಾಗ ಗೋಡೆಯಲ್ಲಿ ಬಿರುಕು ಕಂಡಿತು. ಅಂಗೈ ಒಳಗೆ ಹೋಯಿತು. ಒಳಗೆಲ್ಲ ಒದ್ದೆ.

ಅವತ್ತೇ ಮೂರೂ ಸಾಲಿನ ಮನೆಗಳ ಬಾಗಿಲು ತಟ್ಟಿದೆ. ಕಂಪ್ಯೂಟರ್ ಕಲಿಸುವ ಟೀಚರ್ ಎಂಬ ಮರ್ಯಾದೆಗೋ, ನನ್ನ ಮುಖ ಹಾಗಿತ್ತೋ, ಜನ ಚಾಪೆ ಸುತ್ತಿಕೊಂಡು ಹೊರಟರು. ಶಾಲೆ ಹಳ್ಳದ ಆಚೆ ಎತ್ತರದಲ್ಲಿದೆ. ರಾಶಿ ಜಾರಿದರೂ ಇಲ್ಲಿಗೆ ಬರುವುದಿಲ್ಲ. ಮನೆಗಳಿಗೆಲ್ಲ ಬೀಗ, ಅಡುಗೆ ಶಾಲೆಯ ಅಂಗಳದಲ್ಲಿ. ತಾಲ್ಲೂಕು ಕಚೇರಿಯಿಂದ ಎಂಜಿನಿಯರ್ ಒಬ್ಬರು ಬಂದು ಗೋಡೆಯ ಫೋಟೊ ತೆಗೆದುಕೊಂಡು, "ಗಮನದಲ್ಲಿ ಇಟ್ಟಿರ್ತೀವಿ" ಎಂದು ಹೇಳಿ ಹೋದರು. ಗಮನದಲ್ಲೇ ಇಟ್ಟಿದ್ದಾರೆಂದು ಕಾಣುತ್ತದೆ, ಮತ್ತೆ ಬಂದಿಲ್ಲ.

ಅಕ್ಕನ ದಮ್ಮು ಜಾಸ್ತಿಯಾಗಿದೆ. ಹಾಲ್‌ನ ಸೀಮೆಸುಣ್ಣದ ಧೂಳು, ಅಷ್ಟು ಜನರ ಉಸಿರು. ಇವತ್ತು ಬೆಳಿಗ್ಗೆ ಗೋಡೆಗೆ ಒರಗಿ ಕೂತು ಏದುಸಿರಿನ ಮಧ್ಯೆ ಹೇಳಿದಳು: "ರಾಶಿ ಬಿದ್ದು ಸಾಯೋ ಮುಂಚೆ ನಿನ್ನ ಈ ಧೂಳಿಗೇ ಸಾಯ್ತೀನಿ ಕಣೇ. ಆಮೇಲೆ ನಿನ್ನ ಬಿರುಕನ್ನ ನೀನೇ ಒಬ್ಬಳೇ ನೋಡ್ಕೊಂಡು ಕೂತ್ಕೋ."

ಸುಮ್ಮನಿರು ಎಂದು ಗದರಿದೆ. ಅವಳ ಹೊಲಿಗೆ ಮಿಷನ್ ಕೂಡ ಮನೆಯಲ್ಲೇ ಇದೆ. ಅದಿಲ್ಲದೆ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾಗುವುದಿಲ್ಲ.

ಅಕ್ಟೋಬರ್ 8, ಬುಧವಾರ

ಅಂಗಡಿಯಮ್ಮ ಕೊಟ್ಟ ಐಡಿಯಾ. ಮೂರನೇ ಸಾಲಿನಲ್ಲಿ ದಿನಸಿ ಅಂಗಡಿ ಇಟ್ಟವರು, ಹಾಲ್‌ನಲ್ಲಿ ನಮ್ಮ ಪಕ್ಕದ ಚಾಪೆ. ತಟ್ಟೆ ತೊಳೆಯುತ್ತ ಕೇಳಿದರು: "ಟೀಚರಮ್ಮ, ಗೋಡೆ ಎದುರಿಗೆ ಕಂಬದ ಮೇಲೆ ಕಂಪನಿಯವರು ಒಂದು ಕ್ಯಾಮೆರಾ ಕೂರಿಸಿದ್ರಲ್ಲ, ಅದು ಸತ್ತಿದೆಯೋ ಬದುಕಿದೆಯೋ? ಇಲ್ಲೇ ಕೂತು ಗೋಡೆ ನೋಡೋ ಹಾಗಿದ್ರೆ ನಾವ್ಯಾಕೆ ಹಿಂಗೆ ಸಾಲಾಗಿ ಮೀನು ಒಣಗಿಸಿದ ಹಾಗೆ ಮಲಗಬೇಕು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗೋಡೆಯ ಮೇಲೆ ಸದಾ ಕಣ್ಣಿಡುವ ಹಾಗಿದ್ದರೆ ಅಕ್ಕ ಮನೆಗೆ ಹೋಗಿ ಅವಳ ಮಂಚದಲ್ಲಿ ಮಲಗಬಹುದು. ಅಲ್ಲಾಡಿದರೆ ಓಡಿಬರಬಹುದು.

ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎಲೆಕ್ಟ್ರಿಷಿಯನ್ ಮೊದಲ ಸಾಲಿನವರು. ಅವರನ್ನು ಕೇಳಿದೆ. ಕ್ಯಾಮೆರಾದಿಂದ ಒಂದೇ ತಂತಿ ಕಂಪನಿಯ ಹಳೇ ಆಫೀಸಿಗೆ ಬರುತ್ತದಂತೆ, ಕರೆಂಟೂ ಚಿತ್ರವೂ ಅದರಲ್ಲೇ. ಆಫೀಸು ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಇದೆ. ಮಧ್ಯಾಹ್ನ ಒಡೆದ ಕಿಟಕಿಯಿಂದ ಇಳಿದು ತಂತಿಯ ತುದಿ ಹುಡುಕಿ, ಕಾಂಪೌಂಡ್ ದಾಟಿಸಿ, ಕಂಪ್ಯೂಟರ್ ಕೋಣೆಗೆ ತಂದುಕೊಟ್ಟರು. ಕರೆಂಟ್ ಕೊಡುವ ಸಣ್ಣ ಡಬ್ಬಿಗೆ ಸಿಕ್ಕಿಸಿದಾಗ ಹಸಿರು ದೀಪ ಹತ್ತಿತು.

"ಬದುಕಿದೆ ಮೇಡಂ," ಎಂದರು.

ಅಕ್ಟೋಬರ್ 9, ಗುರುವಾರ

ಬದುಕಿದೆ, ಆದರೆ ಮಾತಾಡುವುದಿಲ್ಲ.

ಇಂಥ ಕ್ಯಾಮೆರಾಗಳಿಗೆ ಫೋನ್ ನಂಬರಿನ ಹಾಗೆ ಒಂದು ಅಂಕಿಗಳ ವಿಳಾಸ ಇರುತ್ತದೆ. ಅದು ಗೊತ್ತಿದ್ದರೆ, ಅದರ ಮುಂದೆ ಆರ್‌ಟಿಎಸ್‌ಪಿ ಎಂದು ಬರೆದು, ಹಿಂದೆ ಓರೆಗೆರೆ ಹಾಕಿ ಒಂದು ದಾರಿಯ ಹೆಸರು ಬರೆದರೆ ಚಿತ್ರ ಹರಿದು ಬರುತ್ತದೆ. ಅಂಕಿಯೂ ಗೊತ್ತಿಲ್ಲ, ದಾರಿಯೂ ಗೊತ್ತಿಲ್ಲ. ಕ್ಯಾಮೆರಾ ಯಾವ ಕಂಪನಿಯದು ಎಂಬ ಚೀಟಿ ಬಿಸಿಲಿಗೆ ಬಿಳಿಚಿಕೊಂಡು ಹೋಗಿದೆ. ನಾನು ಮಕ್ಕಳಿಗೆ ಕಲಿಸುವುದು ಟೈಪಿಂಗ್, ಚಿತ್ರ ಬಿಡಿಸುವುದು, ಪಟ್ಟಿಯಲ್ಲಿ ಕೂಡುವುದು. ಇದನ್ನೆಲ್ಲ ಫೋನಿನಲ್ಲಿ ಯಾರ್ಯಾರೋ ಮಾಡಿದ ವಿಡಿಯೊ ನೋಡಿ ಕಲಿಯುತ್ತಿದ್ದೇನೆ. ತಂತಿಯ ಮೇಲಿರುವ ಉಪಕರಣಗಳನ್ನು ಹುಡುಕುವ ಒಂದು ತಂತ್ರಾಂಶ ಇಳಿಸಿಕೊಂಡೆ. ಅದು ಸಂಜೆಯವರೆಗೆ ತಡಕಾಡಿ, ಯಾರೂ ಇಲ್ಲ ಎಂದಿತು.

ಅಕ್ಟೋಬರ್ 11, ಶನಿವಾರ

ಯಾರೂ ಇಲ್ಲ.

ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮುಖಕ್ಕೆ ಆವಿಯ ಮುಖವಾಡ ಕಟ್ಟಿದರು. ಡಾಕ್ಟರು ನನ್ನ ಕಡೆ ತಿರುಗಿ, "ಧೂಳಿರೋ ಕಡೆ ಮಲಗಿಸಬೇಡಿ ಅಂತ ಹೇಳಿದ್ದೆ ಅಲ್ವಾ?" ಎಂದರು. ರಾಶಿಯ ಕತೆ ಹೇಳಿದೆ. "ಅದೂ ನಿಜ, ಇದೂ ನಿಜ. ನಾನೇನು ಹೇಳಲಿ?" ಎಂದರು. ಬರುವಾಗ ಅಕ್ಕ ಆಟೊದಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಇಷ್ಟು ಹಗುರ ಯಾವಾಗ ಆದಳೋ.

ಅಕ್ಟೋಬರ್ 12, ಭಾನುವಾರ

ಸಿಕ್ಕಿತು!

ತಪ್ಪು ಕ್ಯಾಮೆರಾದ್ದಲ್ಲ, ನಮ್ಮದು. ನಮ್ಮ ಕಂಪ್ಯೂಟರ್‌ನ ಅಂಕಿಗಳೇ ಬೇರೆ ಗುಂಪಿನವು. ಒಂದೇ ಊರಿನ ಬೇರೆ ಬೀದಿಯಲ್ಲಿ ನಿಂತು ಕೂಗಿದ ಹಾಗೆ; ಅದಕ್ಕೆ ಕೇಳಿಸುವುದಾದರೂ ಹೇಗೆ? ಕಂಪ್ಯೂಟರ್‌ನ ಅಂಕಿಗಳನ್ನು ಬದಲಾಯಿಸುತ್ತ ಒಂದೊಂದೇ ಬೀದಿಗೆ ಹೋಗಿ ಕೂಗಿದೆ. ಸಂಜೆಯ ಹೊತ್ತಿಗೆ ಒಂದು ಬೀದಿಯಿಂದ ಓ ಎಂದಿತು. ಹಾಲ್‌ಗೆ ಓಡಿಹೋಗಿ ಹೇಳಿದೆ. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೂ ಚಪ್ಪಾಳೆ ತಟ್ಟಿದರು.

ಅಕ್ಟೋಬರ್ 14, ಮಂಗಳವಾರ

ಎರಡು ದಿನದಿಂದ ದಾರಿಗಳನ್ನು ಪರೀಕ್ಷೆ ಮಾಡುತ್ತಿದ್ದೇನೆ. ಕ್ಯಾಮೆರಾ ಇಲ್ಲ ಎನ್ನುವುದರಲ್ಲೂ ಬಗೆಗಳಿವೆ. ತಪ್ಪು ಬಾಗಿಲು ತಟ್ಟಿದರೆ ಉತ್ತರವೇ ಇಲ್ಲ. ಸರಿಯಾದ ಬಾಗಿಲಲ್ಲಿ ತಪ್ಪು ದಾರಿ ಕೇಳಿದರೆ, ಅಂಥದ್ದು ಇಲ್ಲಿಲ್ಲ ಎನ್ನುತ್ತದೆ. ಮೊನ್ನೆಯಿಂದ ಅದೇ ಕೇಳಿ ಕೇಳಿ ಸಾಕಾಗಿತ್ತು. ಇವತ್ತು ಮಧ್ಯಾಹ್ನ ಒಂದು ದಾರಿಗೆ, ನೀನು ಯಾರು ಎಂದು ಕೇಳಿತು. ಹೆಸರು ಹೇಳು, ಪಾಸ್‌ವರ್ಡ್ ಹೇಳು.

ದಾರಿ ಸರಿಯಾಗಿದೆ ಎಂದಾಯಿತು. ಪಾಸ್‌ವರ್ಡ್ ಗೊತ್ತಿದ್ದವರು ಕಂಪನಿಯ ಜೊತೆಗೇ ಹೋದರು. ಎಲೆಕ್ಟ್ರಿಷಿಯನ್ ಹೇಳಿದರು, ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಪಿನ್ನಿನಿಂದ ಒತ್ತಿ ಹಿಡಿದರೆ ಎಲ್ಲ ಮರೆತು ಹೊಸದಾಗುತ್ತದೆ ಎಂದು. ಆದರೆ ಕಂಬ ಹತ್ತಬೇಕು. ಕಂಬ ಗೋಡೆಯ ಎದುರಿಗೇ ಇದೆ.

"ನಾನು ಹತ್ತುತ್ತೀನಿ," ಎಂದೆ.

"ನೀವು ಹತ್ತಿದ್ರೆ ನಿಮ್ಮನ್ನ ಇಳಿಸೋಕೆ ಇನ್ನೊಬ್ಬರು ಹತ್ತಬೇಕಾಗುತ್ತೆ ಮೇಡಂ. ಪಿನ್ ಕೊಡಿ."

ಅಕ್ಟೋಬರ್ 16, ಗುರುವಾರ

ಚಿತ್ರ ಬಂತು.

ಮೊದಲು ಕಪ್ಪು, ಆಮೇಲೆ ಚೌಕ ಚೌಕ ಬೂದು, ಆಮೇಲೆ ಗೋಡೆ. ಅಂಚಿಂದ ಅಂಚಿಗೆ ಪೂರ್ತಿ ಗೋಡೆ. ಬಿರುಕು ಒಂದು ಕಪ್ಪು ನೂಲಿನ ಹಾಗೆ ಕಾಣುತ್ತಿತ್ತು. ಅಕ್ಕನನ್ನು ಕೈಹಿಡಿದು ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಇದೇನಾ? ಇಷ್ಟಕ್ಕೇನಾ ನಾನು ಹದಿನೈದು ದಿನ ನೆಲದಲ್ಲಿ ಮಲಗಿದ್ದು? ನನ್ನ ಹಿಮ್ಮಡಿ ಇದಕ್ಕಿಂತ ಜಾಸ್ತಿ ಒಡೆದಿದೆ."

ನಗು ತಡೆಯಲಾಗಲಿಲ್ಲ. ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತಿದ್ದರು. ಅವರೊಬ್ಬರೇ ನಗಲಿಲ್ಲ. "ಇದು ನೋಡುತ್ತೆ ಅಷ್ಟೇ ಮೇಡಂ. ಹಿಡ್ಕೊಳ್ಳಲ್ಲ," ಎಂದರು. ಮೊನ್ನೆ ಕಂಬದಿಂದ ಇಳಿಯುವಾಗ ಅವರು ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ಬಂದಿದ್ದಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದಂತೆ. ಇರಲಿ, ಒಳ್ಳೆಯದೇ.

ಅಕ್ಟೋಬರ್ 18, ಶನಿವಾರ

ಅಕ್ಕನನ್ನು ಮನೆಗೆ ಕರೆದುಕೊಂಡು ಬಂದೆ. ಕಿಟಕಿಗಳನ್ನೆಲ್ಲ ತೆಗೆದು, ನೆಲ ಒರೆಸಿ, ಮಂಚಕ್ಕೆ ಒಗೆದ ಹಾಸಿಗೆ ಹಾಕಿದೆ. ಮಲಗಿದವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಉಸಿರಿನ ಸದ್ದೇ ಇಲ್ಲದ್ದನ್ನು ನೋಡಿ ಹೆದರಿ ಮೂಗಿನ ಹತ್ತಿರ ಕೈ ಇಟ್ಟೆ. ಸರಾಗವಾಗಿ ಉಸಿರಾಡುತ್ತಿದ್ದಳು.

ನಾವು ಬಂದದ್ದನ್ನು ನೋಡಿ ಎದುರುಮನೆಯವರೂ ಬಂದರು. ಸಂಜೆಯ ಹೊತ್ತಿಗೆ ಮೊದಲ ಸಾಲಿನಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ದೀಪ. ಎಲ್ಲರದೂ ಒಂದೇ ಮಾತು: ಟೀಚರ್ ನೋಡ್ತಾ ಇರ್ತಾರಲ್ಲ.

ಅಕ್ಟೋಬರ್ 20, ಸೋಮವಾರ

ನಾನೊಬ್ಬಳು ಎಷ್ಟು ಹೊತ್ತು ನೋಡಲು ಸಾಧ್ಯ? ಎಲ್ಲರ ಫೋನಿನಲ್ಲೂ ಬರುವ ಹಾಗೆ ಮಾಡಿಕೊಡಿ ಎಂದು ಅಂಗಡಿಯಮ್ಮ ಕೇಳಿದರು. ಕ್ಯಾಮೆರಾದ ವಿಳಾಸವನ್ನೇ ನೇರ ಕೊಟ್ಟು ನೋಡಿದೆ. ನಾಲ್ಕು ಜನ ತೆರೆಯುವಷ್ಟರಲ್ಲಿ ಅದು ಉಸಿರು ಕಟ್ಟಿ ನಿಂತಿತು. ಹಾಗಾಗಿ ಶಾಲೆಯ ಕಂಪ್ಯೂಟರ್ ಚಿತ್ರವನ್ನು ತೆಗೆದುಕೊಂಡು ಒಂದು ಪುಟಕ್ಕೆ ದಾಟಿಸುವ ವ್ಯವಸ್ಥೆ ಮಾಡಿದೆ. ದೊಡ್ಡ ಚಿತ್ರ ಭಾರವಾಯಿತು. ಕ್ಯಾಮೆರಾ ಕೊಡುವ ಇನ್ನೊಂದು ಸಣ್ಣ ಚಿತ್ರವಿದೆ, ಅದರ ದಾರಿ ಹಾಕಿದೆ. ಈಗ ಯಾರ ಫೋನಿನಲ್ಲೂ ನಿಲ್ಲದೆ ಓಡುತ್ತದೆ. ಬಿರುಕು ಅದರಲ್ಲಿ ಕಾಣುವುದಿಲ್ಲ, ಆದರೆ ಗೋಡೆ ಕಾಣುತ್ತದೆ. ಗೋಡೆ ಕಂಡರೆ ಸಾಕಲ್ಲ.

ಹಾಲ್ ಇವತ್ತು ಖಾಲಿಯಾಯಿತು. ಎಲೆಕ್ಟ್ರಿಷಿಯನ್ ಕುಟುಂಬದ ಚಾಪೆಗಳು ಮಾತ್ರ ಮೂಲೆಯಲ್ಲಿವೆ.

ಅಕ್ಟೋಬರ್ 23, ಗುರುವಾರ

ಎಲೆಕ್ಟ್ರಿಷಿಯನ್ ಜೊತೆ ಜಗಳವಾಯಿತು. ಜಗಳ ಎಂದರೆ ನಾನೇ ಕೂಗಾಡಿದ್ದು. ಊಟದ ವಿರಾಮದಲ್ಲಿ ಕೋಣೆಗೆ ಬಂದು ಮುಷ್ಟಿ ಬಿಚ್ಚಿ ತೋರಿಸಿದರು. ಗಾಜಿನ ಚೂರು.

"ಒಡೆದಿದೆ ಮೇಡಂ. ಎಲ್ಲರನ್ನೂ ವಾಪಸ್ ಕರೀರಿ. ನಾನು ಕರೆದ್ರೆ ಬರಲ್ಲ, ನೀವು ಕರೆದ್ರೆ ಬರ್ತಾರೆ."

ಚಿತ್ರ ತೆರೆದು ತೋರಿಸಿದೆ. ಮೊದಲ ದಿನದ ಚಿತ್ರವನ್ನು ಉಳಿಸಿಟ್ಟಿದ್ದೆ, ಅದನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. ಎರಡರಲ್ಲೂ ಒಂದೇ ಗೋಡೆ. ಗಾಜು ಬಿಸಿಲಿಗೂ ಒಡೆಯುತ್ತದೆ, ಹಕ್ಕಿ ಕುಕ್ಕಿದರೂ ಒಡೆಯುತ್ತದೆ ಎಂದೆ.

"ನಿಮ್ಮ ಫೋನಲ್ಲಿ ಬಿರುಕು ಎಲ್ಲಿದೆ ತೋರಿಸಿ ನೋಡೋಣ," ಎಂದರು.

ತೋರಿಸಲಾಗಲಿಲ್ಲ. ಅದಕ್ಕೇ ಸಿಟ್ಟು ಬಂದಿರಬೇಕು. ಜನ ಈಗಷ್ಟೇ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ, ಸುಮ್ಮಸುಮ್ಮನೆ ಹೆದರಿಸಬೇಡಿ ಎಂದೆ. ಅವರು ಚೂರನ್ನು ಮೇಜಿನ ಮೇಲಿಟ್ಟು ಹೋದರು. ಮಕ್ಕಳ ಕೈಗೆ ಚುಚ್ಚೀತೆಂದು ಕಸದ ಬುಟ್ಟಿಗೆ ಹಾಕಿದೆ.

ಅಕ್ಟೋಬರ್ 27, ಸೋಮವಾರ

ಚಿತ್ರ ಸರಿಯಾಗಿದೆ. ಅಕ್ಕ ಬೆಳಿಗ್ಗೆಯಿಂದ ಮಿಷನ್ ತುಳಿಯುತ್ತಿದ್ದಾಳೆ. ಕೆಮ್ಮಿಲ್ಲ.

ಅಕ್ಟೋಬರ್ 28, ಮಂಗಳವಾರ

ಚಿತ್ರ ಸರಿಯಾಗಿದೆ.

ಅಕ್ಟೋಬರ್ 30, ಗುರುವಾರ

ಎರಡು ದಿನದಿಂದ ಮಳೆ. ಮಸೂರದ ಮೇಲೆ ಹನಿ ಕೂತು ಗೋಡೆ ಸ್ವಲ್ಪ ಅಂಕುಡೊಂಕಾಗಿ ಕಾಣುತ್ತಿದೆ. ಬಹಳ ಜನ ಫೋನ್ ಮಾಡಿ ಕೇಳಿದರು. ಹನಿ ಅದು, ಗೋಡೆಯಲ್ಲ, ಒಣಗಿದರೆ ಸರಿಹೋಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಹಿತ್ತಿಲಿಗೆ ಹೋಗಿ ನೋಡೋಣ ಎಂದುಕೊಂಡೆ, ಕೆಸರು. ಇಲ್ಲೇ ಕಾಣುತ್ತದಲ್ಲ.

ಮಧ್ಯಾಹ್ನ ಒಣಗಿತು. ಸರಿಯಾಗಿದೆ.

ನವೆಂಬರ್ 8, ಶನಿವಾರ

ಸೋಮವಾರದ್ದನ್ನು ಬರೆದಿಡುತ್ತೇನೆ.

ಎರಡನೇ ಪಿರಿಯಡ್. ನನಗೆ ಕ್ಲಾಸ್ ಇರಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಪಕ್ಕದಲ್ಲಿ ಗೋಡೆಯ ಚಿತ್ರ ಬರುವ ಆ ಪುಟ ತೆರೆದಿತ್ತು. ಸದ್ದು ಬಂತು. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ಸುರಿದು ಮುಗಿಯಲಿಲ್ಲ. ಕಿಟಕಿಯ ಗಾಜು ಅದುರಿತು. ಆ ಕಿಟಕಿಯಿಂದ ರಾಶಿ ಕಾಣುವುದಿಲ್ಲ, ಹಳೇ ಆಫೀಸು ಅಡ್ಡ. ಎದ್ದು ಅಂಗಳಕ್ಕೆ ಓಡಿದ್ದರೆ ಕಾಣುತ್ತಿತ್ತು. ನಾನು ಓಡಲಿಲ್ಲ. ಪರದೆ ನೋಡಿದೆ. ಗೋಡೆ ನಿಂತಿತ್ತು. ಒಂದು ಕಲ್ಲೂ ಅಲ್ಲಾಡುತ್ತಿರಲಿಲ್ಲ.

ಅಕ್ಕ ಫೋನ್ ಮಾಡಿದಳು.

"ಏನೇ ಅದು ಸದ್ದು? ಇಲ್ಲಿ ಪಾತ್ರೆಗಳೆಲ್ಲ ಗಲಗಲ ಅಂತಿವೆ. ಹೊರಗೆ ಬರ್ಲಾ?"

"ಇರು ಅಕ್ಕ, ನೋಡ್ತಾ ಇದೀನಿ. ಗೋಡೆ ಸರಿಯಾಗಿದೆ."

"ಸರಿಯಾಗಿದೆ ತಾನೆ? ರವಿಕೆ ತೋಳು ಅರ್ಧ ಕೂಡಿಸಿದೀನಿ, ಈಗ ಬಿಟ್ಟು ಎದ್ರೆ..."

ಅಷ್ಟೇ. ಫೋನ್ ಸತ್ತಿತು. ಹಲೋ ಹಲೋ ಎನ್ನುತ್ತ ಪರದೆಯನ್ನೇ ನೋಡುತ್ತಿದ್ದೆ. ಗೋಡೆ ಇನ್ನೂ ನಿಂತಿತ್ತು. ಹೊರಗೆ ಮಕ್ಕಳು ಕಿರುಚುತ್ತಿದ್ದರು, ಗೋಡೆ ನಿಂತಿತ್ತು. ಆಮೇಲೆ ಅದರ ಹೊಟ್ಟೆ ಮುಂದಕ್ಕೆ ಉಬ್ಬಿತು, ಮೇಲಿನ ಅಂಚು ಬಾಗಿತು, ಚಿತ್ರ ಓರೆಯಾಗಿ ಆಕಾಶ ಕಂಡಿತು, ಆಮೇಲೆ ಕಪ್ಪು.

ಚಿತ್ರ ಕ್ಯಾಮೆರಾದಿಂದ ಶಾಲೆಯ ಕಂಪ್ಯೂಟರಿಗೆ, ಅಲ್ಲಿಂದ ಪುಟಕ್ಕೆ ದಾಟಿ ಬರುವಷ್ಟರಲ್ಲಿ ಅರ್ಧ ನಿಮಿಷದಷ್ಟು ಹಳೆಯದಾಗುತ್ತಿತ್ತು. ಅದನ್ನು ಅಳೆಯಬಹುದಿತ್ತು. ಕ್ಯಾಮೆರಾ ಎದುರು ಯಾರನ್ನಾದರೂ ನಿಲ್ಲಿಸಿ, ಫೋನಿನಲ್ಲಿ ಮಾತಾಡುತ್ತ ಕೈ ಎತ್ತಿಸಿದ್ದರೆ ಗೊತ್ತಾಗುತ್ತಿತ್ತು. ಅಷ್ಟೆಲ್ಲ ಪರೀಕ್ಷೆ ಮಾಡಿದವಳು ಚಿತ್ರ ಬರುತ್ತದೆಯೇ ಎಂದಷ್ಟೇ ನೋಡಿದೆ. ಯಾವಾಗಿನ ಚಿತ್ರ ಎಂದು ನೋಡಲಿಲ್ಲ.

ಮೊದಲ ಸಾಲು ಪೂರ್ತಿ ಇಲ್ಲ. ಎರಡನೇ ಸಾಲು ಅರ್ಧ. ಅಕ್ಕ ಗುರುವಾರ ಸಿಕ್ಕಿದಳು. ಎಲೆಕ್ಟ್ರಿಷಿಯನ್ ಮತ್ತು ಇನ್ನಿಬ್ಬರು ಹೊತ್ತು ತಂದರು. ನನ್ನನ್ನು ನೋಡಲು ಬಿಡಲಿಲ್ಲ, ಕೈ ಮಾತ್ರ ತೋರಿಸಿದರು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುತ್ತಿದ್ದ ಲೋಹದ ಟೊಪ್ಪಿ ಹಾಗೇ ಇತ್ತು.

ನವೆಂಬರ್ 10, ಸೋಮವಾರ

ಮತ್ತೆ ಹಾಲ್. ಉಳಿದವರೆಲ್ಲ ಇಲ್ಲೇ. ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ತಟ್ಟೆ ತಂದು ಕೈಗೆ ಕೊಡುತ್ತಾರೆ, ಹೊದಿಕೆ ಹೊದಿಸುತ್ತಾರೆ. ಗಂಡನನ್ನು ಕಳೆದುಕೊಂಡ ಎದುರುಮನೆಯವರು ನನ್ನ ತಲೆ ಸವರಿ, "ನಿನ್ನ ಕೈಲಾದ್ದು ಮಾಡಿದೆ ತಾಯಿ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಎಲೆಕ್ಟ್ರಿಷಿಯನ್ ಮಾತ್ರ ಹತ್ತಿರ ಬರುವುದಿಲ್ಲ. ದೂರದಿಂದ ನೋಡಿ ಮುಖ ತಿರುಗಿಸುತ್ತಾರೆ. ಅವರೊಬ್ಬರ ಎದುರು ಮಾತ್ರ ನನಗೆ ಉಸಿರಾಡಲು ಆಗುತ್ತದೆ.

ಕಚೇರಿಯ ಎಂಜಿನಿಯರ್ ಬಂದಿದ್ದರು. ರಾಶಿಯ ಇನ್ನೊಂದು ಪಾಲು ಮೂರನೇ ಸಾಲಿನ ಮೇಲೆ ಹಾಗೇ ನಿಂತಿದೆಯಂತೆ. ಬೇರೆ ಕಡೆ ಜಾಗ ಕೊಡುವುದಕ್ಕೆ ಸಮಯ ಬೇಕಂತೆ.

ನವೆಂಬರ್ 11, ಮಂಗಳವಾರ

ಅಭ್ಯಾಸಬಲದಿಂದ ಬೆಳಿಗ್ಗೆ ಎದ್ದವಳೇ ಫೋನ್ ತೆರೆದೆ. ಸಂಪರ್ಕ ಸಿಗುತ್ತಿಲ್ಲ ಎಂದು ಬರುತ್ತದೆ.

ನವೆಂಬರ್ 15, ಶನಿವಾರ

ಇವತ್ತು ತಟ್ಟೆ ತೊಳೆಯುವ ಜಾಗದಲ್ಲಿ ಅಂಗಡಿಯಮ್ಮ ಪಕ್ಕಕ್ಕೆ ಬಂದು ನಿಂತರು. ಅವರ ಹಿಂದೆ ಮೂರನೇ ಸಾಲಿನ ನಾಲ್ಕೈದು ಜನ. ಅಂಗಡಿಯಮ್ಮ ಸೆರಗಿನ ತುದಿ ಸುತ್ತುತ್ತಿದ್ದರು. ಅವರು ಮಾತಿಗೆ ತಡವರಿಸಿದ್ದನ್ನು ನಾನು ಇದೇ ಮೊದಲು ನೋಡಿದ್ದು.

"ಟೀಚರಮ್ಮ, ಕೇಳೋಕೆ ಬಾಯಿ ಬರ್ತಾ ಇಲ್ಲ. ಮಕ್ಕಳಿಗೆ ಈ ನೆಲದ ಥಂಡಿಗೆ ಜ್ವರ ಬರ್ತಾ ಇದೆ. ಅಂಗಡಿ ಬಾಗಿಲು ತೆಗೆಯದೆ ಎಷ್ಟು ದಿನ ಅಂತ. ನಮ್ಮ ಸಾಲಿನ ಹಿಂದೆಯೂ ಒಂದು ಕ್ಯಾಮೆರಾ ಹಾಕಿಕೊಟ್ರೆ... ನೀವು ನೋಡ್ತಾ ಇರ್ತೀರಿ ಅಂದ್ರೆ ನಮಗೆ ಧೈರ್ಯ."

ಎಲೆಕ್ಟ್ರಿಷಿಯನ್ ಅಂಗಳದ ಆ ತುದಿಯಲ್ಲಿ ಸೌದೆ ಒಡೆಯುತ್ತಿದ್ದರು. ಕೊಡಲಿಯ ಸದ್ದು ನಿಂತಿತು.

ಬೇಡ ಎನ್ನಬೇಕು ಎಂದುಕೊಂಡೆ. ಅಂಗಡಿಯಮ್ಮನ ಹಿಂದೆ ನಿಂತವರ ಮುಖಗಳನ್ನು ನೋಡಿದೆ. ಒಬ್ಬಾಕೆಯ ಸೊಂಟದ ಮೇಲಿದ್ದ ಮಗು ಕೆಮ್ಮುತ್ತಿತ್ತು, ಎಳೆದು ಎಳೆದು, ಅಕ್ಕ ಕೆಮ್ಮುತ್ತಿದ್ದ ಹಾಗೆ.

"ಕ್ಯಾಮೆರಾ ಎಲ್ಲಿ ಸಿಗುತ್ತೆ?" ಎಂದು ಕೇಳಿದೆ.

"ಶಾಲೆ ಗೇಟಿಗೆ ಹಾಕಿದ್ದು ಇದೆಯಲ್ಲ. ಹೆಡ್‌ಮೇಷ್ಟ್ರು ಆಗಬಹುದು ಅಂದಿದ್ದಾರೆ."

ಎಲೆಕ್ಟ್ರಿಷಿಯನ್ ಕೊಡಲಿಯನ್ನು ದಿಮ್ಮಿಯಲ್ಲೇ ಬಿಟ್ಟು ಗೇಟು ದಾಟಿ ಹೊರಟುಹೋದರು. ಕರೆಯೋಣವೆಂದು ಎರಡು ಹೆಜ್ಜೆ ಹೋದೆ. ಅವರು ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಹೋಗಿ ಜಾಗ ನೋಡಿ ಬಂದೆ. ನೀರಿನ ಟ್ಯಾಂಕಿನ ಮೇಲೆ ಕೂರಿಸಿದರೆ ಮೂರನೇ ಸಾಲಿನ ಹಿಂಭಾಗ ಪೂರ್ತಿ ಸಿಗುತ್ತದೆ. ಗೇಟಿನ ಕ್ಯಾಮೆರಾದ ಅಂಕಿ, ಪಾಸ್‌ವರ್ಡ್ ಎರಡೂ ನನಗೆ ಗೊತ್ತು. ದಾರಿ ಒಂದು ಹುಡುಕಬೇಕು. ಇದು ಹೊಸದು, ನಾಲ್ಕು ಫೋನಿಗೆಲ್ಲ ಉಸಿರು ಕಟ್ಟುವುದಿಲ್ಲ. ಶಾಲೆಯ ಕಂಪ್ಯೂಟರ್ ದಾಟಿಸದೆ ಮನೆಗೊಂದು ಫೋನಿಗೆ ಮಾತ್ರ ನೇರವಾಗಿ ಕೊಟ್ಟರೆ ತಡ ಒಂದೆರಡು ಸೆಕೆಂಡಿಗೆ ಇಳಿಯುತ್ತದೆ ಎಂದು ಓದಿದೆ. ಈ ಸಲ ಕೈ ಎತ್ತಿಸಿ ಅಳೆಯುತ್ತೇನೆ. ಒಂದೆರಡು ಸೆಕೆಂಡು ಎಂದರೆ ಏನೂ ಅಲ್ಲ.

ನಾಳೆ ಬೆಳಿಗ್ಗೆ ಯಾರನ್ನಾದರೂ ಏಣಿ ಕೇಳಬೇಕು.